ಓಣಿ ಕೊಡ್ತೀವಿ

ಆ ಪ್ರಕಟಣೆಯಲ್ಲಿ ಇದ್ದದ್ದು ಇಷ್ಟೇ:

"ನಿಮ್ಮ ಬಳಿ ಹೊಸ ಯಂತ್ರವೋ ಹೊಸ ವಸ್ತುವೋ ಇದೆಯೆ? ಲ್ಯಾಬಿನೊಳಗೆ ಗೆದ್ದು, ಹೊರಗೆ ಪರೀಕ್ಷಿಸಲು ಜಾಗ ಸಿಗದೆ ಕೂತಿದ್ದೀರಾ? ವಯಸ್ಸು ಮೂವತ್ತರ ಒಳಗಿದೆಯೆ? ಗದಗ-ಬೆಟಗೇರಿಗೆ ಬನ್ನಿ. ನಿಮ್ಮ ಪ್ರಯೋಗಕ್ಕೆ ನಾವು ಒಂದು ಓಣಿ ಕೊಡ್ತೀವಿ. ಜನರ ಸಮೇತ."

ಕೊನೆಯ ಎರಡು ಪದಗಳನ್ನು ಸೇರಿಸಿದವರು ಅನಸೂಯಾ ಕಬಾಡಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರೂ ಇನ್ನೂ ಹನ್ನೊಂದು ಮಂದಿಯೂ ಸೇರಿ ಆರು ವರ್ಷಗಳ ಹಿಂದೆ 'ನೆಲೆ ಬಳಗ' ಕಟ್ಟಿದ್ದರು. ಬಳಗದಲ್ಲಿ ಯಾರಿಗೂ ಸಂಬಳವಿಲ್ಲ, ಪದವಿಯಿಲ್ಲ. ಜಾಣ ಹುಡುಗ ಹುಡುಗಿಯರು ಊರಿಗೆ ಬರಬೇಕು, ಬಂದವರು ನಿಲ್ಲಬೇಕು ಎಂಬ ಹಟವೊಂದೇ ಅವರ ಬಂಡವಾಳ. ಮೊದಲ ಐದು ವರ್ಷ ಎಲ್ಲ ಊರಿನವರೂ ಮಾಡುವುದನ್ನೇ ಮಾಡಿದರು. ರ‍್ಯಾಂಕ್ ಬಂದವರಿಗೆ ಶಾಲು ಹೊದಿಸಿದರು, ಉದ್ಯೋಗ ಮೇಳ ನಡೆಸಿದರು, ರೈಲು ನಿಲ್ದಾಣದ ಗೋಡೆಗೆ ಚೆಂದದ ಚಿತ್ರ ಬರೆಸಿದರು. ಶಾಲು ಹೊದ್ದವರು ಮರುವಾರ ಅದೇ ಚಿತ್ರದ ಮುಂದೆ ಫೋಟೊ ತೆಗೆಸಿಕೊಂಡು ರೈಲು ಹತ್ತಿದರು.

ಐದನೆಯ ವರ್ಷದ ಸನ್ಮಾನದಲ್ಲಿ ಒಬ್ಬ ಹುಡುಗಿ ಮೈಕಿನಲ್ಲೇ ಕೇಳಿಬಿಟ್ಟಳು. "ಟೀಚರ್, ನಿಲ್ರಿ ನಿಲ್ರಿ ಅಂತೀರಿ. ಬ್ಯಾರೆ ಎಲ್ಲೂ ಮಾಡಾಕ ಆಗಲಾರದ್ದು, ಇಲ್ಲಿ ಅಷ್ಟ ಮಾಡಾಕ ಆಗೂದು ಏನೈತಿ, ಹೇಳ್ರಿ?"

ಸಭೆ ನಕ್ಕಿತು. ಅನಸೂಯಾರಿಗೆ ನಗು ಬರಲಿಲ್ಲ. ಒಂದು ವಾರ ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ದೊಡ್ಡ ನಗರಗಳಲ್ಲಿ ಲ್ಯಾಬುಗಳಿವೆ, ಯಂತ್ರಗಳಿವೆ, ಬುದ್ಧಿವಂತರಿದ್ದಾರೆ. ಆದರೆ ಅಲ್ಲಿ ಒಂದು ಬೀದಿಯ ಜನ ಒಟ್ಟಾಗಿ ಕೂತು "ಆತು, ನಮ್ಮ ಮ್ಯಾಲೆ ಪರೀಕ್ಷೆ ಮಾಡ್ರಿ" ಎನ್ನುತ್ತಾರೆಯೆ? ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದ ಕಡೆ ಆ ಮಾತು ಎಲ್ಲಿಂದ ಬರಬೇಕು? ಬೆಟಗೇರಿಯಲ್ಲಿ ಬರಬಹುದು. ಬಂದರೆ ಅದು ಯಾವ ವಿಶ್ವವಿದ್ಯಾಲಯವೂ ಕೊಡಲಾರದ ಪ್ರಯೋಗಾಲಯ.

ಬಳಗದ ಇನ್ನೊಬ್ಬ ಸದಸ್ಯ, ಎಲೆಕ್ಟ್ರಿಷಿಯನ್ ಬಾಷಾಸಾಬ್ ನದಾಫ್‌ಗೆ ಈ ವಿಚಾರ ಹೇಳಿದಾಗ ಅವರು ಕೈಯಲ್ಲಿದ್ದ ಟೆಸ್ಟರನ್ನು ಜೇಬಿಗಿಟ್ಟು ಕೇಳಿದರು, "ಯಾವ ಓಣಿ ಟೀಚರ್? ಇವತ್ತ ಹೋಗೂಣೇನು?"

ಅವರು ಹೋದದ್ದು ಲಾಳಿ ಓಣಿಗೆ. ನಲವತ್ಮೂರು ಮನೆ, ಮೂವತ್ತು ಮಗ್ಗ. ಎರಡು ತಿಂಗಳು ಮನೆಮನೆ ತಿರುಗಿ, ಲೆಕ್ಕವಿಲ್ಲದಷ್ಟು ಚಹಾ ಕುಡಿದು, ಕೊನೆಗೆ ಓಣಿಯವರಿಂದ ಒಪ್ಪಿಗೆ ಪಡೆದರು. ಓಣಿ ಒಂದೇ ಒಂದು ಷರತ್ತು ಹಾಕಿತು. ನಲವತ್ಮೂರರಲ್ಲಿ ಯಾವುದೇ ಒಂದು ಮನೆ "ಸಾಕು" ಅಂದರೂ ಆ ದಿನವೇ ಪ್ರಯೋಗ ನಿಲ್ಲಬೇಕು. ಕಾರಣ ಕೇಳುವಂತಿಲ್ಲ. ನಗರಸಭೆಯೂ ಒಪ್ಪಿತು. ಪ್ರಕಟಣೆ ಹೊರಟಿತು. ಹನ್ನೊಂದು ಅರ್ಜಿ ಬಂದವು. ಅವುಗಳಲ್ಲಿ ಓಣಿಯವರೇ ಕೂತು ಆರಿಸಿದ್ದು ಮಿನಾ ಚೌರಪ್ಪ ಎಂಬವಳದ್ದು.

*

ಮಿನಾ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು. ಇಪ್ಪತ್ತಾರು ವರ್ಷ. ಫೆಬ್ರುವರಿಯ ಒಂದು ಬೆಳಿಗ್ಗೆ ದೊಡ್ಡ ಟ್ರಂಕಿನೊಂದಿಗೆ ಗದಗ ನಿಲ್ದಾಣದಲ್ಲಿ ಇಳಿದಳು. ಟ್ರಂಕಿನ ತುಂಬ ನೂಲಿನ ಉಂಡೆಗಳು. ಬಟ್ಟೆಬರೆ ಒಂದು ಸಣ್ಣ ಚೀಲದಲ್ಲಿ.

ಅವಳ ವಸತಿಯನ್ನು ತಿಪ್ಪಣ್ಣ ಗಂಜಿಯವರ ಮನೆಯಲ್ಲಿ ಗೊತ್ತುಮಾಡಿದ್ದರು. ತಿಪ್ಪಣ್ಣ ನಲವತ್ತು ವರ್ಷದಿಂದ ಸೀರೆ ನೇಯ್ದವರು. ಅವಳು ಕೊಟ್ಟ ನೂಲನ್ನು ಬೆರಳಲ್ಲಿ ತಿಕ್ಕಿ, ಹಲ್ಲಲ್ಲಿ ಕಚ್ಚಿ, ಕೆನ್ನೆಗೆ ಒತ್ತಿಕೊಂಡು ನೋಡಿದರು.

"ತಣ್ಣಗೈತೆಲ್ಲವಾ! ನೀರಾಗ ಅದ್ದೀಯೇನು?"

"ಇಲ್ಲ ಸಾರ್. ಅದು ಹಾಗೇ ಇರುತ್ತೆ. ಕಿಟಕಿ ಹತ್ತಿರ ಇಟ್ಟಿದ್ದೆನಲ್ಲ, ಅದಕ್ಕೆ."

"ಕಿಟಕಿಯಾಗ ಇಟ್ರ ಸುಡಬೇಕಲ್ಲ?"

ಮಿನಾ ಮಗ್ಗದ ಕುಣಿಯ ಅಂಚಿನಲ್ಲಿ ಕೂತು ಹೇಳತೊಡಗಿದಳು. ಬಿಸಿಯಾದ ಪ್ರತಿ ವಸ್ತುವೂ ಕಣ್ಣಿಗೆ ಕಾಣದ ಒಂದು ಬೆಳಕನ್ನು ಹೊರಗೆ ಬಿಡುತ್ತಲೇ ಇರುತ್ತದೆ. ನಮ್ಮ ಮೈ, ಗೋಡೆ, ಕಲ್ಲು, ಎಲ್ಲವೂ. ಆ ಬೆಳಕಿನ ಹೆಚ್ಚಿನ ಪಾಲನ್ನು ಮೇಲಿನ ಗಾಳಿ ಹಿಡಿದುಕೊಂಡು ನಮಗೇ ಹಿಂದಿರುಗಿಸುತ್ತದೆ. ಆದರೆ ಅದರಲ್ಲಿ ಒಂದು ಬಗೆಯ ಬೆಳಕಿಗೆ ಮಾತ್ರ ಗಾಳಿ ಅಡ್ಡ ಬರುವುದಿಲ್ಲ. ಅದು ಮೋಡಗಳಿಲ್ಲದ ದಿನ ನೆಟ್ಟಗೆ ಆಕಾಶ ದಾಟಿ, ನಕ್ಷತ್ರಗಳ ನಡುವಿನ ಆ ಕಡುಚಳಿಗೆ ಹೋಗಿ ಸೇರುತ್ತದೆ. ಈ ನೂಲಿನೊಳಗೆ ಕೂದಲಿಗಿಂತ ಸಣ್ಣ ಗಾಜಿನ ಮಣಿಗಳಿವೆ. ಅವು ಬಿಸಿಲನ್ನು ಹಿಂದಕ್ಕೆ ಎಸೆಯುತ್ತವೆ, ತಮ್ಮ ಬಿಸಿಯನ್ನು ಆ ಒಂದು ಬಗೆಯ ಬೆಳಕಾಗಿ ಮಾತ್ರ ಬಿಡುತ್ತವೆ. ಕರೆಂಟು ಬೇಡ, ನೀರು ಬೇಡ.

ತಿಪ್ಪಣ್ಣ ಛಾವಣಿಯ ಕಡೆ ಬೆರಳು ತೋರಿಸಿದರು. "ಅಂದ್ರ ನಮ್ಮ ಓಣಿ ಬಿಸಿ ತಗೊಂಡು ಚಿಕ್ಕಿಗೆ ಚೆಲ್ಲೂದು."

"ಹೂಂ ಸಾರ್. ಅಷ್ಟೇ."

"ಮತ್ತ ಇಷ್ಟು ದಿನ ಯಾಕ ಮಾಡಿಲ್ಲ?"

"ಅಂಗೈ ಅಗಲದ ತುಂಡಲ್ಲಿ ಮಾಡಿದ್ದೀನಿ. ಒಂದು ಇಡೀ ಬೀದಿಗೆ ಹೊದಿಸಿದರೆ ಏನಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಎರಡು ವರ್ಷ ಬೀದಿ ಕೇಳ್ಕೊಂಡು ಅಲೆದೆ. ಒಂದು ಅಪಾರ್ಟ್‌ಮೆಂಟಿನವರು ಕಾರ್ ಪಾರ್ಕಿಂಗ್ ಕೂಡ ಕೊಡಲಿಲ್ಲ. ನೀವು ಓಣಿ ಕೊಡ್ತೀವಿ ಅಂದಿರಿ. ನಂಬೋಕೇ ಆಗಲಿಲ್ಲ. ಮೂರು ಸಲ ಫೋನ್ ಮಾಡಿ ಕೇಳಿದೆ."

ಮರುದಿನದಿಂದ ಲಾಳಿ ಓಣಿಯ ಹದಿನೆಂಟು ಮಗ್ಗಗಳಲ್ಲಿ ಸೀರೆ ನಿಂತು ತಂಪುನೂಲು ಏರಿತು. ಮಣಿಗಳು ಲಾಳಿಯನ್ನು ಸವೆಸುತ್ತಿದ್ದವು, ಎಳೆ ಹರಿಯುತ್ತಿತ್ತು. ತಿಪ್ಪಣ್ಣ ನೂಲಿಗೆ ಗಂಜಿ ಹಚ್ಚುವ ಹದ ಬದಲಿಸಿ ನಾಲ್ಕೇ ದಿನದಲ್ಲಿ ದಾರಿ ಕಂಡುಕೊಂಡರು. ಮಿನಾ ಅದನ್ನು ನೋಡಿ ಮಗುವಿನಂತೆ ಚಪ್ಪಾಳೆ ತಟ್ಟಿದಳು. "ಸಾರ್, ಇದಕ್ಕೆ ನಮ್ಮ ಲ್ಯಾಬಲ್ಲಿ ಒಂದು ವರ್ಷ ಹೋಗ್ತಿತ್ತು!"

ಮಾರ್ಚ್ ಕೊನೆಗೆ ಬಟ್ಟೆ ಸಿದ್ಧವಾಯಿತು. ಬೆಳ್ಳಗೆ, ಹಾಲಿನ ಕೆನೆಯಂತೆ. ಓಣಿಯ ಎರಡೂ ಬದಿಯ ಮಾಳಿಗೆಗಳಿಗೆ ತಂತಿ ಬಿಗಿದು, ಪಡುವಣ ತುದಿಯಿಂದ ಮೂಡಣ ತುದಿಯವರೆಗೆ, ಅಂಗಳಗಳನ್ನೂ ಸೇರಿಸಿ, ಒಂದು ಬಿರುಕೂ ಇಲ್ಲದಂತೆ ಹೊದಿಸಿದರು. ಓಣಿಯವರೆಲ್ಲ ಕೆಳಗೆ ನಿಂತು ತಲೆಯೆತ್ತಿ ನೋಡಿದರು. ಯಾರೋ ಸೀಟಿ ಹೊಡೆದರು.

*

ಬಾಷಾಸಾಬರ ಗೋದಾಮು ನಿಯಂತ್ರಣ ಕೊಠಡಿಯಾಗಿತ್ತು. ಗೋಡೆಯ ಮೇಲೆ ದೊಡ್ಡ ಪರದೆ. ಅದರಲ್ಲಿ ನಲವತ್ಮೂರು ಚೌಕಗಳು, ಒಂದೊಂದು ಮನೆಗೆ ಒಂದೊಂದು. ಮೊದಲ ದಿನ ಮಧ್ಯಾಹ್ನ ಎರಡು ಗಂಟೆಗೆ ಊರಲ್ಲಿ ನಲವತ್ತೆರಡು ಡಿಗ್ರಿ ಇದ್ದಾಗ ಪರದೆಯ ಚೌಕಗಳು ಒಂದಾದ ಮೇಲೊಂದು ಹಸಿರಾದವು. ಮೂವತ್ತೆಂಟು. ಮೂವತ್ತೇಳು. ಮೂವತ್ತಾರೂವರೆ.

"ಐದು ಡಿಗ್ರಿ ಮೇಡಂ! ಐದೂವರೆ!" ಮಿನಾ ಅನಸೂಯಾರ ಎರಡೂ ಕೈ ಹಿಡಿದು ಕುಣಿದಳು. "ಇಡೀ ಓಣಿಗೆ! ಪ್ರಪಂಚದಲ್ಲಿ ಯಾರೂ ಮಾಡಿಲ್ಲ!"

ಅನಸೂಯಾರಿಗೂ ಎದೆ ಹಗುರಾಗಿ, ಕಾಲು ನೆಲದ ಮೇಲೆ ನಿಲ್ಲದಂತಾಗಿತ್ತು. ಆ ಖುಷಿಯಲ್ಲೇ ಅವರು ಓಣಿಗೆ ಹೋದರು. ತಿಪ್ಪಣ್ಣನವರ ಹೆಂಡತಿ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಕುತ್ತಿಗೆ ಪೂರ್ತಿ ಬೆವರು.

"ಹೆಂಗೈತಿ ಅಕ್ಕಾರ? ತಂಪಾತಲ್ಲ?"

"ತಂಪೇನೋ ಆಗೇತ್ರಿ. ಆದ್ರ ಉಸಿರಾಡಾಕ ಆಗವಲ್ದು. ಒಗ್ಗರಣಿ ಹಾಕಿದ್ರ ಓಣಿ ತುಂಬ ಘಾಟು. ಬೆವರು ಆರಂಗಿಲ್ಲ. ಮದ್ಲಿನ ಬಿಸಿಲ ಪಾಡಿತ್ತು ನೋಡ್ರಿ."

ಪ್ರತಿ ಮನೆಯಲ್ಲೂ ಅದೇ ಮಾತು. ಬಟ್ಟೆಯ ಕೆಳಗೆ ಗಾಳಿ ಸತ್ತು ಬಿದ್ದಿತ್ತು. ಒಲೆಯ ಹಬೆ, ಬಚ್ಚಲ ಹಬೆ, ಜನರ ಉಸಿರು ಎಲ್ಲ ಅಲ್ಲೇ ನಿಂತಿತ್ತು. ಪರದೆಯ ಮೇಲೆ ಹಸಿರು, ಓಣಿಯಲ್ಲಿ ಧಗೆ. ಮಿನಾ ಮೊದಲು ನಂಬಲಿಲ್ಲ. ನಂತರ ಮೂರು ಮಧ್ಯಾಹ್ನಗಳನ್ನು ಮೂರು ಬೇರೆ ಬೇರೆ ಅಡುಗೆಮನೆಗಳಲ್ಲಿ ಕಳೆದಳು. ನಾಲ್ಕನೆಯ ದಿನ ತುಟಿ ಕಚ್ಚಿಕೊಂಡು ಹೇಳಿದಳು, "ನಾನು ತಾಪಮಾನ ಅಳೆದೆ. ಸುಖ ಅಳೀಲಿಲ್ಲ."

ಐದನೆಯ ದಿನ ಶಂಕ್ರವ್ವ ಗೋದಾಮಿಗೆ ಬಂದರು.

ಶಂಕ್ರವ್ವನ ಮನೆ ಓಣಿಯ ಮೂಡಣ ತುದಿಯಲ್ಲಿ. ಎಪ್ಪತ್ತು ದಾಟಿದ ಹೆಂಗಸು. ಕಲ್ಲು ಹಾಸಿದ ಅಗಲವಾದ ಅಂಗಳದಲ್ಲಿ ಸಂಡಿಗೆ, ಹಪ್ಪಳ ಒಣಗಿಸಿ ಅರ್ಧ ಊರಿಗೆ ಮಾರುತ್ತಿದ್ದವರು. ಅವರು ಒಂದು ಮೊರವನ್ನು ಮೇಜಿನ ಮೇಲೆ, ಕೀಲಿಮಣೆಯ ಪಕ್ಕದಲ್ಲೇ ಇಟ್ಟರು. ಅದರ ತುಂಬ ಬೂಸರು ಹಿಡಿದ ಸಂಡಿಗೆ.

"ನೋಡು ತಂಗಿ. ಐವತ್ತು ವರ್ಷದಾಗ ಏಪ್ರಿಲ್ ತಿಂಗಳದಾಗ ನನ್ನ ಸಂಡಿಗಿ ಬೂಸರು ಹಿಡಿದಿದ್ದಿಲ್ಲ. ನನಗ ಬಿಸಿಲು ಬೇಕು. ಸಾಕು."

ಆ ಪದ ಬಿದ್ದೊಡನೆ ಬಾಷಾಸಾಬ್ ಅನಸೂಯಾರತ್ತ ನೋಡಿದರು.

"ಶಂಕ್ರವ್ವ," ಅನಸೂಯಾ ಕೇಳಿದರು, "ಪೂರ್ತಿ ಸಾಕೋ, ನಿಮ್ಮ ಅಂಗಳದ ಮಟ್ಟಿಗೆ ಸಾಕೋ?"

ಮುದುಕಿ ಒಂದು ಗಳಿಗೆ ಯೋಚಿಸಿದರು. "ನನ್ನ ಅಂಗಳದ್ದು ತೆಗೀರಿ. ಉಳಿದವ್ರದ್ದು ಅವ್ರ ಹೇಳ್ಲಿ."

ಮಿನಾ ಎದ್ದು ನಿಂತಳು. "ಮೇಡಂ, ಆಗಲ್ಲ! ತುದಿಯಲ್ಲಿ ಅಷ್ಟು ದೊಡ್ಡ ತೂತಾದರೆ ಬಿಸಿಲು ಒಳಗೆ ನುಗ್ಗುತ್ತೆ. ಇರೋ ಐದು ಡಿಗ್ರೀನೂ ಹೋಗುತ್ತೆ. ಇನ್ನೊಂದು ವಾರ ಕೊಡಿ, ಫ್ಯಾನ್ ಹಾಕಿ ಏನಾದರೂ ಮಾಡ್ತೀನಿ. ಅಜ್ಜಿ ಸಂಡಿಗೆ ನಾನು ಓವನ್‌ನಲ್ಲಿ ಒಣಗಿಸಿ ಕೊಡ್ತೀನಿ."

"ಓವನ್‌ನಾಗ?" ಶಂಕ್ರವ್ವ ಕೇಳಿದ ರೀತಿಗೆ ಬಾಷಾಸಾಬ್ ಮುಖ ತಿರುಗಿಸಿ ನಗು ನುಂಗಿದರು.

ಅನಸೂಯಾ ನಗಲಿಲ್ಲ. ಈ ಹುಡುಗಿಯ ಸಿಟ್ಟು ಅವರಿಗೆ ಅರ್ಥವಾಗುತ್ತಿತ್ತು. ಅವಳು ಇವತ್ತೇ ಟ್ರಂಕು ಕಟ್ಟಿದರೆ ಬಳಗದ ಆರು ವರ್ಷದ ಕನಸು ಅವಳ ಹಿಂದೆಯೇ ರೈಲು ಹತ್ತುತ್ತದೆ ಎಂಬುದೂ ಗೊತ್ತಿತ್ತು. ಆದರೂ ಹೇಳಿದರು, "ಮಿನಾ, ಓಣಿ ನಮ್ಮದಲ್ಲ. ಅವರು ಕೊಟ್ಟದ್ದು. 'ಸಾಕು' ಅಂದ ಮೇಲೆ ಸಾಕು. ಇವತ್ತೇ ತೆಗೆಯೋಣ."

ಮಿನಾ ಬಾಗಿಲು ತಳ್ಳಿಕೊಂಡು ಹೊರಗೆ ಹೋದಳು. ಸಂಜೆ ತಿಪ್ಪಣ್ಣ ಏಣಿ ಹತ್ತಿದಾಗ ಯಾರೋ ಕತ್ತರಿ ಚಾಚಿದರು. ಅವರು ತೆಗೆದುಕೊಳ್ಳಲಿಲ್ಲ. ನೇಯ್ದವರಿಗೆ ಕತ್ತರಿಸುವುದು ಆಗದ ಮಾತು. ಹೊಲಿಗೆಯ ಎಳೆಯನ್ನು ಒಂದೊಂದಾಗಿ ಬಿಚ್ಚಿ, ಶಂಕ್ರವ್ವನ ಅಂಗಳದ ಮೇಲಿನ ಬಟ್ಟೆಯ ಹಾಳೆಯನ್ನು ಹಿಂದಕ್ಕೆ ಸರಿಸಿ ಕಟ್ಟಿದರು. ಸಂಜೆಯ ಬಿಸಿಲು ಧಪ್ಪನೆ ಅಂಗಳಕ್ಕೆ ಬಿತ್ತು.

*

ಮರುದಿನ ಮಧ್ಯಾಹ್ನ ಮಿನಾ ತನ್ನ ಕೋಣೆಯಲ್ಲಿ ಬೆಂಗಳೂರಿಗೆ ಟಿಕೆಟ್ ನೋಡುತ್ತಿದ್ದಳು. ನಡುಮನೆಯಿಂದ ತಿಪ್ಪಣ್ಣನವರ ಹೆಂಡತಿಯ ದನಿ ಕೇಳಿತು.

"ಮಿನಾ! ಏ ಮಿನಾ, ಬಾ ಇಲ್ಲೆ! ಪರದೆ ನೋಡು!"

ಬಾಗಿಲಿಗೆ ಕಟ್ಟಿದ್ದ ತೆಳು ಪರದೆ ಹೊರಗಡೆಗೆ ಉಬ್ಬಿತ್ತು. ಇಳಿಯಿತು. ಮತ್ತೆ ಉಬ್ಬಿತು. ಊರಲ್ಲಿ ಎಲೆ ಅಲ್ಲಾಡದ ಹೊತ್ತು ಅದು. ಮಿನಾ ಬರಿಗಾಲಲ್ಲಿ ಓಣಿಗೆ ಬಂದಳು. ಕೆನ್ನೆಗೆ ಏನೋ ತಾಗಿತು. ಗಾಳಿ. ತಣ್ಣನೆಯ ಗಾಳಿ, ಪಡುವಣ ತುದಿಯಿಂದ ಮೂಡಣಕ್ಕೆ, ಒಂದೇ ಸಮನೆ.

ಅವಳು ಗೋದಾಮಿಗೆ ಓಡಿದಳು. "ಬಾಷಾ ಸಾರ್! ಗಾಳಿ ಅಳೆಯೋದು ಏನಿದೆ ನಮ್ಮ ಹತ್ರ?"

"ಗಾಳಿ ಅಳಿಯೂದಾ? ನೀ ತಂದಿದ್ದೆಲ್ಲ ಥರ್ಮಾಮೀಟರ್."

"ಏನಾದರೂ ಕೊಡಿ! ಏನಾದರೂ!"

ಬಾಷಾಸಾಬರ ಅಜ್ಜನ ಕಾಲಕ್ಕೆ ಅವರದು ಹತ್ತಿ ಹಿಂಜುವ ಮನೆತನ. ಅವರು ಒಂದು ಹಳೆಯ ದಿಂಬನ್ನು ಹರಿದು ಹತ್ತಿ ಹಿಂಜಿದರು, ಎಳೆಯಂತೆ ಹೊಸೆದರು. ಅರ್ಧ ಗಂಟೆಯಲ್ಲಿ ನಲವತ್ಮೂರು ಬಾಗಿಲ ಚೌಕಟ್ಟಿಗೂ ಒಂದೊಂದು ಹತ್ತಿಯ ಎಳೆ ತೂಗಿತು. ನಂತರ ಇಡೀ ಓಣಿ ಹೊರಗೆ ಬಂದು ನೋಡಿತು. ನಲವತ್ಮೂರು ಎಳೆಗಳೂ ಒಂದೇ ಕಡೆಗೆ ಬಾಗಿದ್ದವು. ಶಂಕ್ರವ್ವನ ಮನೆಯ ಕಡೆಗೆ.

ಮಿನಾ ಎಳೆಗಳ ಜಾಡು ಹಿಡಿದು ಓಣಿಯುದ್ದ ಓಡಿದಳು. ಅವಳ ಹಿಂದೆ ಅನಸೂಯಾ, ಅವರ ಹಿಂದೆ ಅರ್ಧ ಓಣಿ. ಮೂಡಣ ತುದಿಯ ಅಂಗಳದಲ್ಲಿ ಬಿಸಿಲು ಕಾದ ಕಲ್ಲಿನ ಮೇಲೆ ಕುಣಿಯುತ್ತಿತ್ತು. ಶಂಕ್ರವ್ವ ನಡುವೆ ಕೂತು ಸಂಡಿಗೆ ಇಡುತ್ತಿದ್ದರು. ಅವರ ತಲೆಗೂದಲು ನೆಟ್ಟಗೆ ಮೇಲಕ್ಕೆ ಹಾರುತ್ತಿತ್ತು.

"ಏನ್ರಿ, ಎಲ್ಲಾರೂ ಬಂದ್ರಿ? ಮತ್ತ ಮುಚ್ಚಾಕ ಬಂದ್ರೇನು?"

ಮಿನಾ ಜೋರಾಗಿ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಇಲ್ಲಜ್ಜಿ! ಮುಚ್ಚಲ್ಲ! ಯಾವತ್ತೂ ಮುಚ್ಚಲ್ಲ! ಮೇಡಂ, ಗೊತ್ತಾಯ್ತಾ? ಇಲ್ಲಿ ಕಲ್ಲು ಕಾದು ಗಾಳಿ ಮೇಲೇರ್ತಿದೆ. ಖಾಲಿಯಾದ ಜಾಗಕ್ಕೆ ಓಣಿಯ ಗಾಳಿ ಹರಿದು ಬರ್ತಿದೆ. ಬರೋ ದಾರಿಯುದ್ದಕ್ಕೂ ನಮ್ಮ ಬಟ್ಟೆ ಅದನ್ನ ತಂಪು ಮಾಡ್ತಿದೆ. ಒಲೆಗೆ ಹೊಗೆಗೂಡು ಇದ್ದ ಹಾಗೆ. ನಾವು ಒಲೆ ಕಟ್ಟಿ ಹೊಗೆಗೂಡು ಮುಚ್ಚಿಬಿಟ್ಟಿದ್ವಿ!"

"ಅಂದ್ರ?" ಶಂಕ್ರವ್ವ ಕೈ ನಿಲ್ಲಿಸಿ ಕೇಳಿದರು.

"ಅಂದ್ರ," ತಿಪ್ಪಣ್ಣ ಹೇಳಿದರು, "ನೀ ಬಿಸಿಲು ಬೇಕಂತ ಹಟಾ ಮಾಡಿದ್ದಕ್ಕ ಓಣಿಗೆ ಗಾಳಿ ಬಂತವಾ."

ಶಂಕ್ರವ್ವ ಮುಂದಿನ ಸಂಡಿಗೆ ಇಟ್ಟು, ಅದರ ಅಂಚು ತಿದ್ದಿ, "ಮತ್ತ ನಾನೇನು ಸುಮ್ಮಸುಮ್ಮನ ಹೇಳತೇನಿ?" ಅಂದರು.

ಆ ಬೇಸಿಗೆ ಗದಗ ನಲವತ್ನಾಲ್ಕು ಡಿಗ್ರಿ ಕಂಡಿತು. ಲಾಳಿ ಓಣಿಯಲ್ಲಿ ಜನ ಮಟಮಟ ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಚೌಕಾಬಾರ ಆಡಿದರು. ಮಗ್ಗದವರು ಹಗಲು ನಿದ್ದೆ ಬಿಟ್ಟು ನೇಯ್ದರು. ಬೇರೆ ಓಣಿಗಳ ಬಾಣಂತಿಯರು ಕೂಸುಗಳನ್ನು ಎತ್ತಿಕೊಂಡು ಬಂದು, ಯಾರದೋ ಪಡಸಾಲೆಯಲ್ಲಿ ಮಲಗಿ ಎದ್ದು ಹೋದರು. ಬಿಸಿಲು ಬೀಳುವ ಆ ತೆರೆದ ಜಾಗಕ್ಕೆ ಜನ 'ಶಂಕ್ರವ್ವನ ಕಂಡಿ' ಎಂದು ಹೆಸರಿಟ್ಟರು. ಮಿನಾ ಮೇ ಮೊದಲ ವಾರವೇ ಇಂಟರ್ನೆಟ್ಟಿನಲ್ಲಿ ಹಾಕಿದ ಪ್ರಬಂಧದಲ್ಲೂ ಅದೇ ಹೆಸರಿತ್ತು.

*

ಪ್ರಬಂಧ ಹೊರಬಂದ ಮೂರೇ ವಾರಕ್ಕೆ ದಕ್ಷಿಣ ಕೊರಿಯಾದ ಒಂದು ಪ್ರಯೋಗಾಲಯದಿಂದ ಕರೆ ಬಂತು. ನೂಲಿಗೆ ಧೂಳು ಅಂಟದ ಲೇಪವನ್ನು ಅವರು ಬಲ್ಲರು. ಬೆಟಗೇರಿಯ ಧೂಳಿಗೆ ತಂಪುನೂಲು ದಿನೇ ದಿನೇ ಮಂಕಾಗುತ್ತಿದ್ದದ್ದು ನಿಜ. ಒಂದು ವರ್ಷ ಬಾ, ಇಷ್ಟವಾದರೆ ಇಲ್ಲೇ ಇರು ಎಂದಿದ್ದರು.

ಬಳಗದ ಸಭೆಯಲ್ಲಿ ಗದ್ದಲವೋ ಗದ್ದಲ. ದೊಡ್ಡ ಸನ್ಮಾನ ಮಾಡೋಣ ಎಂದರು ಒಬ್ಬರು. ಮನೆ ಕಟ್ಟಲು ಜಾಗ ಕೊಡಿಸೋಣ ಎಂದರು ಇನ್ನೊಬ್ಬರು. ಮಿನಾಳ ಕೈ ಹಿಡಿದು ಕೇಳಿಕೊಳ್ಳೋಣ, ಓಣಿಯ ಹೆಂಗಸರನ್ನು ಮುಂದಿಡೋಣ ಎಂದರು ಮತ್ತೊಬ್ಬರು.

"ಬ್ಯಾಡ," ಎಂದರು ಅನಸೂಯಾ. "ಕಟ್ಟಿ ಹಾಕೋದು ನಮ್ಮ ಕೆಲಸ ಅಲ್ಲ. ಯಾರ ಕಾಲಿಗೂ ಬೀಳಬ್ಯಾಡ್ರಿ, ಯಾರ ಕಾಲೂ ಹಿಡೀಬ್ಯಾಡ್ರಿ. ಅಕಿ ಕಲಿಯಾಕ ಹೊಂಟಾಳ."

ಜೋರಾಗಿಯೇ ಹೇಳಿದರು. ಮನೆಗೆ ಬಂದು ಒಂದು ಲೋಟ ನೀರು ಕುಡಿದು, ಆ ಲೋಟವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತರು.

ಜೂನಿನಲ್ಲಿ ಮೋಡ ಕವಿಯಿತು. ಬಟ್ಟೆ ಮಡಚಿಟ್ಟರು. ಮಿನಾ ಹೊರಟಳು. "ಬರ್ತೀನಿ" ಅಂದಳು. ಹೋಗುವವರೆಲ್ಲ ಹಾಗೇ ಅನ್ನುತ್ತಾರೆ ಎಂಬುದು ಓಣಿಗೆ ಗೊತ್ತಿತ್ತು.

ಆದರೆ ಕೆಲಸ ನಿಲ್ಲಲಿಲ್ಲ. ಬಳಗಕ್ಕೆ ಈಗ ಎಂಬತ್ತು ಅರ್ಜಿಗಳಿದ್ದವು. ನೆಲದಡಿ ನೀರು ಸೋರುವ ಸದ್ದು ಕೇಳಿ ಹೇಳುವ ಯಂತ್ರ ತಂದ ಇಬ್ಬರಿಗೆ ಮುಳಗುಂದ ನಾಕಾ ಕಡೆಯ ಒಂದು ಓಣಿ ಸಿಕ್ಕಿತು. "ನಮ್ಮ ಓಣಿಗೆ ಯಾವ ಪ್ರಯೋಗನೂ ಕೊಟ್ಟಿಲ್ಲ, ನಾವೇನು ಕಡಿಮಿ?" ಎಂದು ಜನ ಅನಸೂಯಾರ ಮನೆ ಬಾಗಿಲಿಗೆ ಬರತೊಡಗಿದರು. ಚಳಿಗಾಲ ಮುಗಿದು ಬಿಸಿಲು ಏರುತ್ತಿದ್ದಂತೆ ಲಾಳಿ ಓಣಿಯವರು ಯಾರನ್ನೂ ಕೇಳದೆ ಬಟ್ಟೆ ಬಿಚ್ಚಿದರು. ತಿಪ್ಪಣ್ಣ ಹೊಲಿಗೆ ಕಿತ್ತು, ಪ್ರತಿ ಹಾಳೆಯ ಅಂಚಿಗೂ ಹಿತ್ತಾಳೆಯ ಉಂಗುರ ಹಾಕಿ, ತಂತಿಯ ಮೇಲೆ ಬೇಕಾದತ್ತ ಸರಿಯುವಂತೆ ಮಾಡಿದರು. ಹಗ್ಗ ಎಳೆಯುವ ಅಧಿಕಾರ ಶಂಕ್ರವ್ವನದು.

*

ಅಲ್ಲಿ, ಕೊರಿಯಾದ ಪ್ರಯೋಗಾಲಯದಲ್ಲಿ ಹೊರಗೆ ಹಿಮ ಕರಗುತ್ತಿತ್ತು. ಮಿನಾ ಪ್ರತಿದಿನ ಸಂಜೆಯ ಊಟದ ಬಿಡುವಿನಲ್ಲಿ ಲಾಳಿ ಓಣಿಯ ನಲವತ್ಮೂರು ಚೌಕಗಳನ್ನು ತನ್ನ ಪರದೆಯ ಮೇಲೆ ತೆರೆಯುತ್ತಿದ್ದಳು. ಈಗ ಪ್ರತಿ ಚೌಕದಲ್ಲೂ ಗಾಳಿಯ ವೇಗವೂ ಇತ್ತು, ಬಾಷಾಸಾಬರು ನಿಜವಾದ ಅಳತೆಯಂತ್ರಗಳನ್ನೇ ಕೂರಿಸಿದ್ದರು. ಮಾರ್ಚ್ ಹನ್ನೆರಡರಂದು ಅವಳ ಕೈಯ ಚಮಚ ಅರ್ಧದಲ್ಲೇ ನಿಂತಿತು. ಗಾಳಿಯ ವೇಗ ಕಳೆದ ವರ್ಷದ ಎರಡರಷ್ಟಾಗಿತ್ತು. ತಾಪಮಾನ ಹೊರಗಿನದಕ್ಕಿಂತ ಒಂಬತ್ತು ಡಿಗ್ರಿ ಕಡಿಮೆ.

ಅವಳ ಲೆಕ್ಕದ ಪ್ರಕಾರ ಆರರ ಮೇಲೆ ಸಾಧ್ಯವೇ ಇರಲಿಲ್ಲ. ಪಕ್ಕದಲ್ಲಿದ್ದ ಹಿರಿಯ ವಿಜ್ಞಾನಿಗೆ ತೋರಿಸಿದಳು. ಆತ ಅಳತೆಯಂತ್ರ ಕೆಟ್ಟಿದೆ ಎಂದ. ಮಿನಾ ಫೋನ್ ಎತ್ತಿದಳು.

"ಮೇಡಂ, ಏನು ಮಾಡ್ತಿದ್ದೀರಿ ಅಲ್ಲಿ? ಒಂಬತ್ತು ಬರ್ತಿದೆ!"

"ನಾನೇನೂ ಮಾಡಿಲ್ಲ. ಶಂಕ್ರವ್ವ ಸೂರ್ಯ ಸರಿದಂಗ ಕಂಡಿನೂ ಸರಿಸ್ತಾರ. ಹೊತ್ತಿಗೊಂದು ಜಾಗ. ಬಿಸಿಲು ನೆಟ್ಟಗ ಎಲ್ಲಿ ಬೀಳತೈತೋ ಅಲ್ಲಿ ತೆರೀತಾರ. ಸಂಡಿಗಿನೂ ಅದರ ಹಿಂದ ಹೋಗತಾವು."

ಮಿನಾ ಚಮಚ ಬದಿಗಿಟ್ಟು ಬರೆದುಕೊಳ್ಳತೊಡಗಿದಳು.

"ನಿನ್ನೆ ಎರಡು ಕಂಡಿ ತೆಗೆದಿದ್ರು," ಎಂದು ಅನಸೂಯಾ ಸೇರಿಸಿದರು. "ನಾಲ್ಕು ಗಂಟೆಗೆ ಗಾಳಿ ಹಿಂದ ಮುಂದ ಆತು. ಮೂಡಲಿಂದ ಪಡುವಲಕ್ಕ ಬೀಸಿತು. ಅರ್ಧ ತಾಸು. ಆಮ್ಯಾಲೆ ತಾನ ಸರಿ ಆತು. ಯಾಕ ಅಂತ ಯಾರಿಗೂ ತಿಳಿದಿಲ್ಲ. ತಿಪ್ಪಣ್ಣ ಬರೆದಿಟ್ಟಾರ."

"ಹಿಂದಕ್ಕೆ ಬೀಸ್ತಾ? ಮೇಡಂ, ಅದು... ಅದು ಹಾಗೆ ಆಗೋಕೆ ಸಾಧ್ಯ ಇಲ್ಲ."

"ಆತಲ್ಲವಾ. ನಾನ ನಿಂತು ನೋಡೀನಿ."

*

ಹನ್ನೊಂದು ದಿನದ ನಂತರ, ಮಧ್ಯಾಹ್ನ ಮೂರೂವರೆಗೆ, ಲಾಳಿ ಓಣಿಯ ಬಾಯಲ್ಲಿ ಒಂದು ಆಟೊ ನಿಂತಿತು. ಮಿನಾ ಇಳಿದಳು. ಕೈಯಲ್ಲಿ ಧೂಳು ಅಂಟದ ನೂಲಿನ ಒಂದು ಉಂಡೆ. ಯಾರಿಗೂ ಹೇಳಿರಲಿಲ್ಲ. ಕಟ್ಟೆಯ ಮೇಲಿದ್ದವರು ಎದ್ದು ನಿಲ್ಲುವ ಮೊದಲೇ ಅವಳು ತಿಪ್ಪಣ್ಣನವರ ಮನೆಯನ್ನೂ ದಾಟಿ, ನೆಟ್ಟಗೆ ಶಂಕ್ರವ್ವನ ಮಾಳಿಗೆಯ ಮೆಟ್ಟಿಲು ಹತ್ತಿದಳು.

ಮಾಳಿಗೆಯ ಮೇಲೆ ಶಂಕ್ರವ್ವ ಹಗ್ಗ ಹಿಡಿದು ಕೂತಿದ್ದರು. ತಿಪ್ಪಣ್ಣನ ಮುಂದೆ ನೋಟ್‌ಬುಕ್ಕು.

"ಬಂದ್ಯಾ? ಸುಸ್ತಾಗಿ ಬಂದೀಯಲ್ಲ, ಉಂಡ್ಯೇನು?" ಎಂದರು ಶಂಕ್ರವ್ವ, ಬೆಳಿಗ್ಗೆ ಹೋಗಿ ಸಂಜೆ ಬಂದವಳನ್ನು ಕೇಳುವಂತೆ.

"ಆಮೇಲೆ ಅಜ್ಜಿ. ಎರಡನೇ ಕಂಡಿ ಎಲ್ಲಿ ತೆಗೀತೀರಿ? ಈಗಲೇ ತೆಗೀರಿ. ನಾಲ್ಕಾಗ್ತಾ ಬಂತು."

ಉಂಗುರಗಳು ಝಣಝಣ ಸರಿದವು. ಓಣಿಯ ನಡುವೆ ಬಿಸಿಲಿನ ಇನ್ನೊಂದು ಚೌಕ ಬಿತ್ತು. ಸುದ್ದಿ ಕೇಳಿ ಓಡಿ ಬಂದ ಅನಸೂಯಾ ಕೆಳಗೆ ನಿಂತರು. ಎಷ್ಟು ದಿನದ ರಜೆ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಬಾಗಿಲುಗಳಲ್ಲಿ ಓಣಿಯ ಜನ ನಿಂತಿದ್ದರು. ಗಾಳಿ ನಿಧಾನವಾಯಿತು, ನಿಂತಿತು. ಆಮೇಲೆ, ಯಾರೋ ದೊಡ್ಡದೊಂದು ಕೈ ತಿರುವಿದಂತೆ, ಹಿಂದಕ್ಕೆ ಬೀಸಿತು.

"ಓಹೋ!" ಎಂದಿತು ಓಣಿ.

ಮಿನಾ ಮಾಳಿಗೆಯ ಅಂಚಿಗೆ ಬಂದು ಬಗ್ಗಿ ನೋಡಿದಳು. ಬಾಗಿಲ ಪರದೆಗಳೆಲ್ಲ ಈಗ ಅವಳ ಕಡೆಗೆ ಬೆನ್ನು ಮಾಡಿ ಉಬ್ಬಿದ್ದವು. ಅವಳು ತಿಪ್ಪಣ್ಣನ ನೋಟ್‌ಬುಕ್ಕು ಕಸಿದುಕೊಂಡು ಒಂದು ಪುಟ ಓದಿದಳು, ಇನ್ನೊಂದು ಓದಿದಳು, ಏನೋ ಗೀಚಿದಳು, ಹೊಡೆದು ಹಾಕಿದಳು. ಅವಳ ಮುಖದಲ್ಲಿ ಸಿಟ್ಟೂ ಸಂತೋಷವೂ ಒಟ್ಟಿಗೇ ಇದ್ದವು.

"ಮೇಡಂ!" ಮೇಲಿನಿಂದ ಕೂಗಿದಳು. "ನಂಗೆ ಅರ್ಥಾನೇ ಆಗ್ತಿಲ್ಲ! ಇದಕ್ಕೆ ಇನ್ನೂ ಒಂದು ಬೇಸಿಗೆ ಬೇಕು. ಒಂದು ಸಾಲಲ್ಲ. ಮೂರು ಬೇಕಾಗಬಹುದು!"

ಅನಸೂಯಾ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲೇ ಪಕ್ಕದಲ್ಲಿದ್ದ ಬಾಷಾಸಾಬ್ ಅವರ ಪರವಾಗಿ ತಲೆಯೆತ್ತಿ ಕೂಗಿದರು.

"ತಗೋವಾ! ಬೇಸಿಗಿಗೇನು ಬರ ಈ ಊರಾಗ?"